ಲೆಕ್ಕದ ಪುಸ್ತಕ ಕಿತ್ತುಕೊಂಡ ಊರಿನಲ್ಲಿ

‘ಸ್ವಾತಂತ್ರ್ಯಕ್ಕೆ ಮೊದಲೇ ತಾನು ಸ್ವತಂತ್ರ ಎಂದು ಘೋಷಿಸಿಕೊಂಡ ಕರ್ನಾಟಕದ ಗ್ರಾಮ ಯಾವುದು?’ ಎ) ವಿದುರಾಶ್ವತ್ಥ ಬಿ) ಶಿವಪುರ ಸಿ) ಈಸೂರು ಡಿ) ಅಂಕೋಲ.

ಎಫ್‌ಡಿಎ, ಎಸ್‌ಡಿಎ, ಪಿಡಿಒ, ಕಾನ್‌ಸ್ಟೆಬಲ್ ಎಂದು ಸ್ಪರ್ಧಾತ್ಮಕ ಪರೀಕ್ಷೆಗಳ ಹಿಂದೆ ಬಿದ್ದವರೆಲ್ಲ ಈ ಪ್ರಶ್ನೆಗೆ ಒಂದಲ್ಲ ಒಂದು ಸಲ ‘ಸಿ’ ಎಂದು ಗುರುತು ಹಾಕಿರುತ್ತಾರೆ. ಎರಡು ಸೆಕೆಂಡಿನ ಕೆಲಸ. ಒಂದು ಅಂಕ ಬಂತು, ಮುಂದಿನ ಪ್ರಶ್ನೆಗೆ ಹೋದೆವು. ಸವಳಂಗದವರಾದ ನಮಗೆ ಈಸೂರು ಗೈಡ್ ಪುಸ್ತಕದ ಊರಲ್ಲ. ಶಿಕಾರಿಪುರದ ಬಸ್ಸು ಹತ್ತಿದರೆ ಸಿಗುವ, ನೆಂಟರಿರುವ, ಮದುವೆಗೆ ಹೋಗಿ ಬರುವ ಊರು. ನಮ್ಮ ಹೋಬಳಿ ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ, ಈಸೂರು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಈ ಗಡಿ 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಎಳೆದದ್ದು. 1942ರಲ್ಲಿ ನಾವೂ ಅವರೂ ಒಂದೇ ಜಿಲ್ಲೆಯವರು.

ನಾನು ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಓದುತ್ತಿದ್ದೇನೆ. ಹಳಬರು ಈಗಲೂ ‘ವಿಲೇಜ್ ಅಕೌಂಟೆಂಟ್’ ಎನ್ನುವ ಕೆಲಸ ಅದು. 2024ರಲ್ಲಿ ಸಾವಿರ ಹುದ್ದೆಗೆ ಕರೆದಾಗ ಲಕ್ಷಗಟ್ಟಲೆ ಮಂದಿ ಅರ್ಜಿ ಹಾಕಿದ್ದು ನಿಮಗೆ ಗೊತ್ತಿರುತ್ತದೆ. ನಿಮ್ಮಲ್ಲೂ ಹಲವರು ಹಾಕಿರುತ್ತೀರಿ. ಭೂಕಂದಾಯ ಕಾಯ್ದೆ ಓದುತ್ತಾ ಕೂತ ಒಂದು ರಾತ್ರಿ ಹೊಳೆಯಿತು: ಈಸೂರಿನವರು 1942ರಲ್ಲಿ ಕೈ ಹಾಕಿದ್ದು ಯಾವ ಠಾಣೆಗೂ ಅಲ್ಲ, ರೈಲಿಗೂ ಅಲ್ಲ, ಕಂದಾಯದ ಲೆಕ್ಕದ ಪುಸ್ತಕಕ್ಕೆ. ಅಂದರೆ ನಾನು ಸೇರಬೇಕೆಂದು ಹಗಲು ರಾತ್ರಿ ಓದುತ್ತಿರುವ ಇಲಾಖೆಯ ಪುಸ್ತಕಕ್ಕೆ. ಶ್ರಾವಣದ ಒಂದು ಭಾನುವಾರ ಗೆಳತಿಯೊಬ್ಬಳನ್ನು ಕರೆದುಕೊಂಡು ಹೊರಟೆ. ನಮ್ಮ ರೂಟಿನಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು, ಹಾಗಾಗಿ ಉಚಿತ ಪ್ರಯಾಣದ ಆಧಾರ್ ಕಾರ್ಡು ಬ್ಯಾಗಿನಲ್ಲೇ ಉಳಿಯಿತು.

ಈಸೂರನ್ನು ನೋಡಲು ಹೋದವರು ನೋಡುವುದೇನು? ಹುತಾತ್ಮರ ಸ್ಮಾರಕ, ವೀರಭದ್ರೇಶ್ವರ ದೇವಸ್ಥಾನ, ಊರು. ಇಷ್ಟೇ. ಟಿಕೆಟ್ ಕೌಂಟರ್ ಹುಡುಕಿದರೆ ಸಿಗುವುದು ಕಿರಾಣಿ ಅಂಗಡಿ. ಮೆಕ್ಕೆಜೋಳ, ಭತ್ತ, ಅಡಿಕೆ ಬೆಳೆಯುವ, ಟ್ರ್ಯಾಕ್ಟರ್ ನಿಂತಿರುವ, ಹಾಲಿನ ಕ್ಯಾನು ಹಿಡಿದ ಹುಡುಗರು ಓಡಾಡುವ ನಮ್ಮ ಕಡೆಯ ಎಲ್ಲ ಊರುಗಳಂತೆ ಒಂದು ಊರು. ಸ್ಮಾರಕದ ಮುಂದೆ ನಿಂತು ಗೆಳತಿ ಐದು ಹೆಸರನ್ನು ಮೆಲ್ಲಗೆ ಹೇಳಿದಳು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ನಮ್ಮ ಹಾಜರಿ ಪುಸ್ತಕದಲ್ಲಿ, ಪಹಣಿಯಲ್ಲಿ, ಮದುವೆ ಕರೆಯೋಲೆಯಲ್ಲಿ ದಿನಾ ಕಾಣುವ ಹೆಸರುಗಳು. ನಮ್ಮ ಅಜ್ಜಂದಿರ ಹೆಸರುಗಳೂ ಇವೇ.

ನಡೆದದ್ದನ್ನು ಮೊದಲಿನಿಂದ ಹೇಳಬೇಕು, ಯಾಕೆಂದರೆ ಗೈಡ್ ಪುಸ್ತಕ ಹೇಳುವುದು ಒಂದೇ ಸಾಲು.

1942ರ ಆಗಸ್ಟ್ 8ರಂದು ಮುಂಬೈಯಲ್ಲಿ ಕಾಂಗ್ರೆಸ್ ‘ಭಾರತ ಬಿಟ್ಟು ತೊಲಗಿ’ ನಿರ್ಣಯ ಮಾಡಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿ ಬಂಧನದಲ್ಲಿದ್ದರು. ದೊಡ್ಡವರೆಲ್ಲ ಒಳಗೆ ಹೋದ ಮೇಲೆ ಚಳವಳಿ ಊರೂರಿನ ಜನರ ಕೈಗೆ ಬಂತು. ಯುದ್ಧದ ಕಾಲ, ಬೆಲೆಗಳು ಏರಿದ್ದವು. ನಮ್ಮ ಸೀಮೆ ಬ್ರಿಟಿಷರ ನೇರ ಆಳ್ವಿಕೆಯಲ್ಲಿ ಇರಲಿಲ್ಲ, ಮೈಸೂರು ಸಂಸ್ಥಾನದಲ್ಲಿತ್ತು. ಜಯಚಾಮರಾಜೇಂದ್ರ ಒಡೆಯರ್ ಮಹಾರಾಜರು, ಎನ್. ಮಾಧವರಾವ್ ದಿವಾನರು. ಮೈಸೂರು ಕಾಂಗ್ರೆಸ್ಸಿನವರು ಕೇಳುತ್ತಿದ್ದದ್ದು ‘ಜವಾಬ್ದಾರಿ ಸರ್ಕಾರ’, ಅಂದರೆ ಮಹಾರಾಜರಿಗೆ ಉತ್ತರ ಹೇಳುವ ದಿವಾನರ ಬದಲು ಜನರಿಗೆ ಉತ್ತರ ಹೇಳುವ ಸರ್ಕಾರ. ಇದನ್ನು ಗೊತ್ತುಮಾಡಿಕೊಂಡರೆ ಈಸೂರಿನ ಬಾಗಿಲಲ್ಲಿ ಹಾಕಿದ್ದ ಫಲಕ ಅರ್ಥವಾಗುತ್ತದೆ. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಈ ಊರೊಳಗೆ ಪ್ರವೇಶವಿಲ್ಲ ಎಂಬ ಅರ್ಥದ ಫಲಕ ಅದು. ‘ಬೇಜವಾಬ್ದಾರಿ’ ಎನ್ನುವುದು ಬೈಗುಳವಾಗಿ ಬಂದ ಮಾತಲ್ಲ. ಅದು ರಾಜಕೀಯದ ಪದ, ಸಂಸ್ಥಾನದ ದೊಡ್ಡ ಬೇಡಿಕೆಯನ್ನು ತಿರುಗಿಸಿ ಬರೆದದ್ದು. ಅದನ್ನು ಬರೆದವರಿಗೆ ಪತ್ರಿಕೆಯ ಸುದ್ದಿ ಚೆನ್ನಾಗಿ ತಿಳಿದಿತ್ತು.

ಸೆಪ್ಟೆಂಬರ್ ಕೊನೆಯ ವಾರ ಕಂದಾಯ ಎತ್ತಲು ಬಂದ ಪಟೇಲ, ಶಾನುಭೋಗರ ಕೈಯಿಂದ ಊರವರು ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ವೀರಭದ್ರ ದೇವರ ಗುಡಿಯ ಮೇಲೆ ರಾಷ್ಟ್ರಧ್ವಜ ಏರಿತು. ಊರು ತನ್ನನ್ನು ಸ್ವತಂತ್ರ ಎಂದು ಕರೆದುಕೊಂಡಿತು. ತನ್ನದೇ ಸರ್ಕಾರ ಮಾಡಿಕೊಂಡಿತು. ಆ ಸರ್ಕಾರದ ಅಮಲ್ದಾರ ಒಬ್ಬ ಹುಡುಗ, ಸಬ್ ಇನ್‌ಸ್ಪೆಕ್ಟರ್ ಇನ್ನೊಬ್ಬ ಹುಡುಗ. ಮಕ್ಕಳ ಮೇಲೆ ಕಾನೂನು ಸುಲಭಕ್ಕೆ ಕೈ ಮಾಡುವುದಿಲ್ಲ ಎಂಬ ಲೆಕ್ಕಾಚಾರ ಇದರ ಹಿಂದಿತ್ತು ಎನ್ನುತ್ತಾರೆ. ನನಗೆ ಇದರಲ್ಲಿ ಹಳ್ಳಿಯವರ ತುಂಟತನವೂ ಕಾಣುತ್ತದೆ. ಇಡೀ ತಾಲ್ಲೂಕು ನಡುಬಗ್ಗಿಸುವ ಅಮಲ್ದಾರಿಕೆಯ ಕುರ್ಚಿಯಲ್ಲಿ ಗೋಲಿ ಆಡುವ ವಯಸ್ಸಿನವನನ್ನು ಕೂರಿಸುವುದು ಎಂದರೆ, ಆ ಕುರ್ಚಿಯ ಬೆಲೆ ಇಷ್ಟೇ ಎಂದು ತೋರಿಸಿದ ಹಾಗೆ.

ಲೆಕ್ಕದ ಪುಸ್ತಕದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಇದು ನನ್ನ ಸಿಲೆಬಸ್ಸಿನ ಭಾಗ, ಆದರೆ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಶಾನುಭೋಗಿಕೆ ಆಗ ವಂಶಪಾರಂಪರ್ಯದ ಹುದ್ದೆ. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಯಾವ ಬೆಳೆ ಬಂತು, ಯಾವುದು ಒಣಗಿತು ಎಂದು ಬರೆಯುವವರು ಅವರೊಬ್ಬರೇ. ಓದು ಬಾರದ ರೈತನಿಗೆ ತನ್ನ ಹೊಲ ಕಾಣುತ್ತಿತ್ತು, ಆ ಹೊಲದ ಬಗ್ಗೆ ಪುಸ್ತಕದಲ್ಲಿ ಏನಿದೆ ಎಂಬುದು ಕಾಣುತ್ತಿರಲಿಲ್ಲ. ಸರ್ಕಾರಕ್ಕೆ ಪುಸ್ತಕ ಕಾಣುತ್ತಿತ್ತು, ಹೊಲ ಕಾಣುತ್ತಿರಲಿಲ್ಲ. ಈ ಎರಡರ ನಡುವೆ ನಿಂತವನಿಗೆ ಎಂಥ ಬಲ ಇರುತ್ತದೆ ಎಂಬುದನ್ನು ನಮ್ಮ ಅಜ್ಜ ಅಜ್ಜಿಯರ ಗಾದೆಗಳೂ ಬೈಗುಳಗಳೂ ಇಂದಿಗೂ ಹೇಳುತ್ತವೆ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹಕ್ಕನ್ನು ತೆಗೆದುಹಾಕಿತು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅಮಲ್ದಾರರು ತಹಶೀಲ್ದಾರರಾದರು. ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿ ಕಂಪ್ಯೂಟರಿಗೆ ಹೋಯಿತು. ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳು. ಜಾತಿ ನೋಡಿ ಕೊಡುತ್ತಿದ್ದ ಕೆಲಸಕ್ಕೆ ನನ್ನಂಥವಳು ಪರೀಕ್ಷೆ ಬರೆದು ಹೋಗಬಹುದು ಎಂಬ ಕಾಲ ಬಂದಿರುವುದಕ್ಕೆ ಈಸೂರಿನಂಥ ಊರುಗಳ ಕೊಡುಗೆ ಎಷ್ಟು ಎಂದು ಯಾವ ಕಾಯ್ದೆಯ ಪೀಠಿಕೆಯೂ ಹೇಳುವುದಿಲ್ಲ.

ನಮ್ಮ ಈ ಭಾಗಕ್ಕೆ ಕಂದಾಯದ ಜಗಳ ಹೊಸದಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1830–31ರಲ್ಲಿ ನಗರ ಸೀಮೆಯ ರೈತರು ಮೈಸೂರು ಸರ್ಕಾರದ ಕಂದಾಯದ ಕಾಟಕ್ಕೆ ಬೇಸತ್ತು ಕೂಟ ಕಟ್ಟಿ ದಂಗೆ ಎದ್ದಿದ್ದರು. ಆ ದಂಗೆಯ ನೆಪ ಹೇಳಿಯೇ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು, ಮತ್ತೆ ಒಡೆಯರ ಮನೆಗೆ ಕೊಟ್ಟದ್ದು 1881ರಲ್ಲಿ.

ಈಗ ಸೆಪ್ಟೆಂಬರ್ 28. ಇಲ್ಲಿಗೆ ಬಂದಾಗ ನಮ್ಮ ಪಠ್ಯಗಳೆಲ್ಲ ಬೇಗ ಬೇಗ ನಡೆಯುತ್ತವೆ. ಶಿಕಾರಿಪುರದಿಂದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಈಸೂರಿಗೆ ಬಂದರು. ನಮ್ಮ ಊರೊಳಗೆ ಬರುವುದಾದರೆ ಗಾಂಧಿ ಟೋಪಿ ಹಾಕಿಕೊಂಡು ಬನ್ನಿ ಎಂದು ಊರವರು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು. ಲಾಠಿ ಬೀಸಿತು, ಗುಂಡು ಹಾರಿತು. ಜನ ತಿರುಗಿಬಿದ್ದರು. ಆ ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು.

ಆಮೇಲೆ ಸೈನ್ಯ ಬಂತು. ಊರವರು ಮನೆ ಬಿಟ್ಟು ಕಾಡಿಗೆ ಓಡಿದರು. ಮನೆಗಳಿಗೆ ನುಗ್ಗಿ ಕಾಳುಕಡಿ, ಪಾತ್ರೆ ಪಡಗ ಹಾಳು ಮಾಡಿದರು, ಕೈಗೆ ಸಿಕ್ಕವರನ್ನು ಹಿಡಿದುಕೊಂಡು ಹೋದರು. ಮೊಕದ್ದಮೆ ನಡೆದು ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಣ್ಣುಮಕ್ಕಳೂ ಇದ್ದರು. ಐದು ಮಂದಿಯನ್ನು 1943ರ ಮಾರ್ಚ್ 8, 9 ಮತ್ತು 10ರಂದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ಪುಸ್ತಕ ಕಿತ್ತುಕೊಂಡ ದಿನದಿಂದ ಲೆಕ್ಕ ಹಾಕಿದರೆ ಆರು ತಿಂಗಳೂ ತುಂಬಿರಲಿಲ್ಲ.

ದೇವಸ್ಥಾನದ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜ ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರು. “ಯಾವೂರವ್ವಾ ನಿಮ್ದು?” ಎಂದರು. “ಸವಳಂಗ, ಅಜ್ಜಾ” ಎಂದೆ. “ಹಂಗಾರೆ ನಮ್ಮೋರೇ ಬಿಡು. ಕುಂದ್ರಿ, ಬಿಸಿಲಾಗ ಯಾಕೆ ನಿಂತೀರಿ?” ಎಂದು ಜಾಗ ಮಾಡಿದರು. ಅವರಿಗೆ ಘಟನೆ ನಡೆದಾಗ ವಯಸ್ಸಾಗಿರಲಿಲ್ಲ, ತೊಟ್ಟಿಲ ಕೂಸು. ಅವರಿಗೆ ಗೊತ್ತಿರುವುದೆಲ್ಲ ಅವ್ವ ಹೇಳಿದ್ದು. ಅವ್ವ ಹೇಳುತ್ತಿದ್ದದ್ದು ಧ್ವಜದ ಕಥೆಗಿಂತ ಕಾಡಿನ ಕಥೆ ಹೆಚ್ಚು. “ನನ್ನ ಬಗಲಾಗ ಇಟ್ಕಂಡು ಓಡಿದ್ಲಂತೆ. ಅತ್ರೆ ಪೋಲಿಸ್ರಿಗೆ ಗೊತ್ತಾಕತಿ ಅಂತ ಬಾಯಾಗ ಸೀರೆ ಸೆರಗು ತುರುಕಿದ್ಲಂತೆ. ಮೂರ್ ದಿನ ಬರೇ ನೀರು. ವಾಪಸ್ ಬಂದ್ರೆ ಮನ್ಯಾಗ ಒಂದು ಮಡಕೆ ನೆಟ್ಟಗಿಲ್ಲ.”

ಅವ್ವ ವಾಪಸ್ ಬಂದದ್ದು ಹೇಗೆ ಎಂದು ಕೇಳಿದೆ. ಯಾರಾದರೂ ಬನ್ನಿ ಎಂದು ಕರೆದರೇ, ಮಾತುಕತೆ ಆಯಿತೇ? ಅಜ್ಜ ನಕ್ಕರು. “ಯಾರ್ ಕರೀತಾರವ್ವ? ಹಸಿವು ಕರೀತು, ಬಂದ್ರು.”

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ಬೇರೆ ದೇಶದ ಒಂದು ಹಳ್ಳಿ. ಡಿಗ್ರಿಯಲ್ಲಿ ಐಚ್ಛಿಕ ಇತಿಹಾಸ ಓದುವಾಗ ಅಮೆರಿಕದ ಅಂತರ್ಯುದ್ಧದ ಪಾಠವಿತ್ತು. ವರ್ಜೀನಿಯಾದ ಅಪೊಮ್ಯಾಟಕ್ಸ್ ಕೋರ್ಟ್‌ಹೌಸ್ ಎಂಬ ಪುಟ್ಟ ಹಳ್ಳಿ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಉತ್ತರದ ಸೇನಾಪತಿ ಯುಲಿಸಿಸ್ ಗ್ರಾಂಟ್‌ಗೆ ಶರಣಾದದ್ದು ಅಲ್ಲಿ, ವಿಲ್ಮರ್ ಮೆಕ್ಲೀನ್ ಎಂಬಾತನ ಮನೆಯ ಪಡಸಾಲೆಯಲ್ಲಿ. ಮೆಕ್ಲೀನ್ ಪುಣ್ಯಾತ್ಮನದ್ದೇ ಒಂದು ಕಥೆ: 1861ರಲ್ಲಿ ಯುದ್ಧದ ಮೊದಲ ದೊಡ್ಡ ಕಾಳಗ ನಡೆದದ್ದು ಅವನ ಹೊಲದ ಸುತ್ತಮುತ್ತ. ಅಲ್ಲಿಂದ ದೂರ ಬಂದು ನೆಲೆಸಿದರೆ ಯುದ್ಧ ಮುಗಿಯಲು ಅವನ ಮನೆಯನ್ನೇ ಹುಡುಕಿಕೊಂಡು ಬಂತು. ಶರಣಾಗತಿ ಮುಗಿಯುತ್ತಿದ್ದಂತೆ ಅಧಿಕಾರಿಗಳು ನೆನಪಿಗೆಂದು ಅವನ ಪಡಸಾಲೆಯ ಮೇಜು ಕುರ್ಚಿಗಳನ್ನು ಎತ್ತಿಕೊಂಡು ಹೋದರು.

ಸೋತ ಸೈನಿಕರಿಗೆ ಗ್ರಾಂಟ್ ಕೊಟ್ಟ ಷರತ್ತು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ. ಬಂದೂಕು ಒಪ್ಪಿಸಿ, ಮತ್ತೆ ಹೋರಾಡುವುದಿಲ್ಲ ಎಂದು ಮಾತು ಕೊಟ್ಟು ಮನೆಗೆ ಹೋಗಿ. ಸ್ವಂತ ಕುದುರೆ, ಹೇಸರಗತ್ತೆ ಇರುವವರು ಅವನ್ನು ಕೊಂಡೊಯ್ಯಬಹುದು, ಉಳುಮೆಯ ಕಾಲ ಬಂದಿದೆ. ಹಸಿದಿದ್ದ ಅವರಿಗೆ ಇಪ್ಪತ್ತೈದು ಸಾವಿರ ಮಂದಿಯ ಊಟದ ಸಾಮಗ್ರಿಯನ್ನೂ ಕಳಿಸಿದರು. ಸುಮಾರು 28,000 ಜನರಿಗೆ ಬಿಡುಗಡೆಯ ಚೀಟಿಯನ್ನು ಅಲ್ಲೇ ಒಂದು ಛತ್ರದಂಥ ಕಟ್ಟಡದಲ್ಲಿ ಮುದ್ರಿಸಿ ಹಂಚಿದರು. ಗಲ್ಲು ಅಲ್ಲಿನ ಮಾತಿನಲ್ಲೇ ಬರಲಿಲ್ಲ.

ಈಸೂರಿನಲ್ಲಿ ಕಂದಾಯದ ಪುಸ್ತಕ ಕಿತ್ತುಕೊಂಡವರಿಗೆ ಸಿಗದ ಕ್ಷಮೆ, ಮನುಷ್ಯರನ್ನು ಗುಲಾಮರಾಗಿಟ್ಟುಕೊಳ್ಳುವ ವ್ಯವಸ್ಥೆಗಾಗಿ ನಾಲ್ಕು ವರ್ಷ ಯುದ್ಧ ಮಾಡಿದವರಿಗೆ ಒಂದು ಮಧ್ಯಾಹ್ನದಲ್ಲಿ ಸಿಕ್ಕಿತು ಎಂದು ಯೋಚಿಸಿದರೆ ಕಸಿವಿಸಿಯಾಗುತ್ತದೆ. ಆ ಅಪೊಮ್ಯಾಟಕ್ಸ್ ಕೌಂಟಿಯ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗ ಗುಲಾಮರೇ ಆಗಿದ್ದರು. ಅವರನ್ನು ಆ ಪಡಸಾಲೆಯೊಳಗೆ ಯಾರೂ ಕರೆಯಲಿಲ್ಲ. ಹಾಗಾಗಿ ಅದನ್ನು ದೊಡ್ಡ ಮನಸ್ಸಿನ ಕಥೆ ಎಂದಷ್ಟೇ ಹೇಳಲು ನನಗೆ ಮನಸ್ಸಿಲ್ಲ. ಆದರೂ ಬಂದೂಕಿನ ಜಗಳ ಮುಗಿದ ಮೇಲೆ ಎರಡೂ ಕಡೆಯವರು ಮರಳಿ ಹೊಲಕ್ಕೆ ಹೋಗಬೇಕು ಎಂಬ ಲೆಕ್ಕ ಅಲ್ಲಿ ಯಾರ ತಲೆಯಲ್ಲೋ ಇತ್ತು. 1943ರ ಮೈಸೂರು ಸರ್ಕಾರದ ತಲೆಯಲ್ಲಿ ಅದು ಇರಲಿಲ್ಲ.

‘ಮೈಸೂರು ಸರ್ಕಾರ’ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ‘ಬ್ರಿಟಿಷರು ಐವರನ್ನು ಗಲ್ಲಿಗೇರಿಸಿದರು’ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಮೇಲೆ ಬ್ರಿಟಿಷರಿದ್ದರು, ನಿಜ. ಆದರೆ ಬಂದ ಪೊಲೀಸರು ಮೈಸೂರಿನವರು, ವಿಚಾರಣೆ ಮಾಡಿದ ನ್ಯಾಯಾಲಯ ಮೈಸೂರಿನದು, ಜೈಲು ಮೈಸೂರಿನದು. ಸತ್ತ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ನಮ್ಮವರೇ. ಬಿಳಿಯರ ಮುಖವೇ ಕಾಣದ ಜಗಳ ಇದು. ಒಂದು ಕಡೆ ಕಂದಾಯ ಕೊಡಲೊಲ್ಲದ ರೈತರು, ಇನ್ನೊಂದು ಕಡೆ ಸಂಬಳಕ್ಕೆ ಕೆಲಸ ಮಾಡುವ, ಮೇಲಿನಿಂದ ಆಜ್ಞೆ ಬಂದರೆ ಹೋಗಲೇಬೇಕಾದ ಇಬ್ಬರು ನೌಕರರು. ಇದನ್ನು ಒಪ್ಪಿಕೊಂಡರೆ ಐವರ ತ್ಯಾಗ ಚಿಕ್ಕದಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಬದಲಿಗೆ, ಅವರು ಎದುರು ಹಾಕಿಕೊಂಡದ್ದು ಎಷ್ಟು ಹತ್ತಿರದವರನ್ನು ಎಂದು ಗೊತ್ತಾಗುತ್ತದೆ. ದೂರದ ಪರಂಗಿಯವನ ಮೇಲೆ ಸಿಟ್ಟು ಮಾಡುವುದು ಸುಲಭ. ಪೇಟೆಯಲ್ಲಿ ಸಿಕ್ಕಿದರೆ ಕೈ ಮುಗಿಯಬೇಕಾದ, ನಾಳೆ ನಮ್ಮ ಕಾಗದಕ್ಕೆ ಸಹಿ ಹಾಕಬೇಕಾದ ಸಾಹೇಬರನ್ನು ಊರ ಬಾಗಿಲಲ್ಲಿ ತಡೆಯುವುದು ಕಷ್ಟ.

ನಾನು ಸೇರಬೇಕೆಂದಿರುವ ಕೆಲಸದಲ್ಲಿ ನನ್ನ ಜಾಗ ಆ ಇಬ್ಬರ ಸಾಲಿನಲ್ಲಿದೆ ಎಂಬುದು ಕಟ್ಟೆಯ ಮೇಲೆ ಕೂತಾಗ ಚೆನ್ನಾಗಿ ಅರಿವಾಯಿತು. ನಾಳೆ ಸರ್ವೆ ಮಾಡಿಸು, ಒತ್ತುವರಿ ತೆರವು ಮಾಡಿಸು, ಬೆಳೆ ಸಮೀಕ್ಷೆ ಮಾಡು ಎಂದು ಮೇಲಿನಿಂದ ಬಂದರೆ ಪುಸ್ತಕ (ಈಗ ಮೊಬೈಲು) ಹಿಡಿದು ಊರ ಬಾಗಿಲಿಗೆ ಹೋಗುವವಳು ನಾನು. ಅಲ್ಲಿ ನಿಂತಿರುವವರು ನನ್ನ ಅಪ್ಪನಂಥವರು. ನಾನು ಈ ಕಡೆಯವಳೋ ಆ ಕಡೆಯವಳೋ? ಗೆಳತಿಗೆ ಕೇಳಿದರೆ ಅವಳು, “ಮೊದ್ಲು ಪಾಸ್ ಆಗೇ, ಆಮೇಲೆ ನೋಡಣ” ಎಂದಳು. ನ್ಯಾಯವಾದ ಮಾತೇ.

ಅಪೊಮ್ಯಾಟಕ್ಸ್ ಹಳ್ಳಿಯನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಈಗ 1865ರಲ್ಲಿ ಇದ್ದ ಹಾಗೆ ಕಾಪಾಡಿದೆ. ಕಾಪಾಡಿದೆ ಎನ್ನುವುದಕ್ಕಿಂತ ಮತ್ತೆ ಕಟ್ಟಿದೆ ಎಂದರೆ ಸರಿ. ಮೆಕ್ಲೀನ್ ಮನೆಯನ್ನು 1893ರಲ್ಲಿ ವಾಷಿಂಗ್ಟನ್ನಿಗೆ ಸಾಗಿಸಿ ಪ್ರದರ್ಶನಕ್ಕಿಡಲು ಬಿಚ್ಚಿದ್ದರು. ದುಡ್ಡು ಸಾಲದೆ ಇಟ್ಟಿಗೆ, ಮರ ಅಲ್ಲೇ ರಾಶಿ ಬಿದ್ದು ಹಾಳಾದವು. ಇಂದು ನಿಂತಿರುವುದು 1940ರ ದಶಕದ ಕೊನೆಯಲ್ಲಿ ಹಳೆಯ ನಕ್ಷೆ ನೋಡಿ ಕಟ್ಟಿದ ಮನೆ. ಊರಿನ ನ್ಯಾಯಾಲಯದ ಕಟ್ಟಡವೂ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಇಷ್ಟೆಲ್ಲ ಮಾಡಿದ ಮೇಲೆ ಅದು ಜನ ನೋಡಲು ಬರುವ ಊರಾಯಿತು, ಜನ ಬದುಕುವ ಊರಾಗಿ ಉಳಿಯಲಿಲ್ಲ. ಊರು ಬೇರೆ ಕಡೆಗೆ, ರೈಲು ನಿಲ್ದಾಣದ ಹತ್ತಿರಕ್ಕೆ ಹೋಗಿಬಿಟ್ಟಿತು.

ಈಸೂರು ಹಾಗಾಗಬೇಕೆಂದು ಯಾರು ಬಯಸುತ್ತಾರೆ? ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿಕೊಂಡ ಮನೆಯವರನ್ನು ‘ಇತಿಹಾಸ ಹಾಳು ಮಾಡಿದಿರಿ’ ಎನ್ನಲು ಯಾರಿಗೂ ಹಕ್ಕಿಲ್ಲ. ಆ ಇತಿಹಾಸದಲ್ಲಿ ಅವರ ಮಡಕೆಗಳೆಲ್ಲ ಒಡೆದಿದ್ದವು. ಆದರೆ ಒಂದು ಕೋಣೆ ಇರಬಹುದಿತ್ತು ಎಂಬ ಆಸೆ ನನ್ನದು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರ ಗೋಲಿಬಾರಿನ ನೆನಪಿಗೆ ಸ್ಮಾರಕದ ಜೊತೆಗೆ ಚಿತ್ರ ಪ್ರದರ್ಶನವನ್ನೂ ಇಟ್ಟಿದ್ದಾರೆ. ಈಸೂರಿನ ಕೋಣೆಯಲ್ಲಿ ಏನಿರಬೇಕು ಎಂದು ನಾವಿಬ್ಬರೂ ಬಸ್ಸಿಗೆ ಕಾಯುವಾಗ ಪಟ್ಟಿ ಮಾಡಿದೆವು. ಆ ಕಾಲದ ಶಾನುಭೋಗರ ಒಂದು ಲೆಕ್ಕದ ಪುಸ್ತಕ, ಅದನ್ನು ಓದುವುದು ಹೇಗೆಂಬ ವಿವರಣೆಯೊಂದಿಗೆ. ಮೊಕದ್ದಮೆಯ ತೀರ್ಪಿನ ಪ್ರತಿ. ಜೈಲಿಗೆ ಹೋದ ಹೆಣ್ಣುಮಕ್ಕಳ ಬಗ್ಗೆ ಒಂದು ಇಡೀ ಗೋಡೆ. ಕಾಡಿಗೆ ಓಡಿದವರ ಮಕ್ಕಳು ಹೇಳುವ ಮಾತಿನ ಧ್ವನಿಮುದ್ರಣ. ಇದನ್ನು ಈಗಲೇ ಮಾಡಬೇಕು, ತೊಟ್ಟಿಲ ಕೂಸುಗಳಿಗೇ ಎಂಬತ್ತು ದಾಟಿದೆ. ಕುವೆಂಪು ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ, ಇತಿಹಾಸ ಎಂ.ಎ. ಮಾಡುವವರಿಗೆ ಪ್ರಾಜೆಕ್ಟ್ ಬೇಕೇ ಬೇಕು, ಎಲ್ಲರ ಜೇಬಿನಲ್ಲೂ ರೆಕಾರ್ಡ್ ಮಾಡುವ ಫೋನಿದೆ. ಕೊನೆಗೆ ಒಂದು ಮೂಲೆಯಲ್ಲಿ ಚೆನ್ನಕೃಷ್ಣಪ್ಪ ಮತ್ತು ಕೆಂಚೇಗೌಡರ ಬಗ್ಗೆಯೂ ಒಂದು ಫಲಕ. ಹುತಾತ್ಮರ ಸ್ಮಾರಕ ಐವರದೇ ಆಗಿರಲಿ. ಆದರೆ ಆ ದಿನ ಮನೆಗೆ ಮರಳದ ಇಬ್ಬರು ಯಾರು ಎಂದು ಶಾಲೆಯ ಮಗುವೊಂದು ಕೇಳಿದರೆ ಉತ್ತರ ಅಲ್ಲೇ ಸಿಗಲಿ. ಗೆಳತಿ ಈ ಕೊನೆಯದಕ್ಕೆ ಒಪ್ಪಲಿಲ್ಲ. ಗುಂಡು ಹಾರಿಸಿದ ಕಡೆಯವರಿಗೂ ಫಲಕವೇ ಎಂದಳು. ಬಸ್ಸು ಬರುವವರೆಗೂ ವಾದ ಮುಗಿಯಲಿಲ್ಲ, ಇನ್ನೂ ಮುಗಿದಿಲ್ಲ.

ಪರೀಕ್ಷೆಗೆ ಓದುವವರಿಗಾಗಿ ಒಂದು ಮಾತು. ಈಸೂರು ‘ದೇಶದಲ್ಲೇ ಮೊದಲು’ ಎಂದು ಎಲ್ಲರೂ ಬರೆಯುತ್ತಾರೆ. ಉತ್ತರ ಪ್ರದೇಶದ ಬಲಿಯಾದಲ್ಲಿ ಚಿತ್ತು ಪಾಂಡೆ ಮುಂದಾಳತ್ವದಲ್ಲಿ 1942ರ ಆಗಸ್ಟ್ ತಿಂಗಳಲ್ಲೇ ಜನರ ಸರ್ಕಾರ ನಡೆದಿತ್ತು. ಬಂಗಾಳದ ತಾಮ್ರಲಿಪ್ತದಲ್ಲಿ ಅದೇ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಸಾತಾರಾದಲ್ಲಿ 1943ರಿಂದ ನಾನಾ ಪಾಟೀಲರ ಪ್ರತಿ ಸರ್ಕಾರ. ಬಲಿಯಾ ಜಿಲ್ಲಾ ಕೇಂದ್ರ, ಈಸೂರು ಹಳ್ಳಿ. ‘ಮೊದಲ ಗ್ರಾಮ’ ಎಂದರೆ ಸರಿಹೋಗುತ್ತದೆ ಎನ್ನಬಹುದು. ನನಗೆ ಆ ಸ್ಪರ್ಧೆಯಲ್ಲಿ ಆಸಕ್ತಿ ಇಲ್ಲ. ಕೀ ಉತ್ತರದಲ್ಲಿ ‘ಸಿ’ ಇರುತ್ತದೆ, ನೀವೂ ‘ಸಿ’ ಹಾಕಿ.

ಐವರು ಕೊನೆಯ ದಿನಗಳನ್ನು ಕಳೆದ ಜಾಗ ನಿಮ್ಮಲ್ಲಿ ಬಹಳಷ್ಟು ಮಂದಿಗೆ ಗೊತ್ತು. ಬೆಂಗಳೂರಿನ ಆ ಹಳೆಯ ಸೆಂಟ್ರಲ್ ಜೈಲೇ ಈಗಿನ ಫ್ರೀಡಂ ಪಾರ್ಕ್. ನೇಮಕಾತಿ ಅಧಿಸೂಚನೆ ಹೊರಡಿಸಿ, ವಯೋಮಿತಿ ಸಡಿಲಿಸಿ ಎಂದು ಉದ್ಯೋಗಾಕಾಂಕ್ಷಿಗಳು ಧರಣಿ ಕೂರುವುದು ಅಲ್ಲಿಯೇ. ಊರಿನಿಂದ ರಾತ್ರಿ ಬಸ್ಸಿಗೆ ಹೋಗಿ, ಬಾಳೆಹಣ್ಣು ತಿಂದು, ಘೋಷಣೆ ಕೂಗಿ ಬಂದ ಗೆಳೆಯರು ನನಗೂ ಇದ್ದಾರೆ. ಶಿಕಾರಿಪುರ ತಾಲ್ಲೂಕಿನ ಐದು ಮಂದಿ ರೈತಾಪಿಗಳು ಇದೇ ಕಾಂಪೌಂಡಿನೊಳಗೆ ಮೂರು ದಿನಗಳಲ್ಲಿ ಸತ್ತರು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ನಾನು ಫೋನು ಮಾಡಿ ಹೇಳಿದೆ.

‘ಏಸೂರ ಕೊಟ್ಟರೂ ಈಸೂರ ಕೊಡೆವು’ ಎಂಬ ಘೋಷಣೆಯನ್ನು ಅಜ್ಜನ ಬಾಯಿಂದ ಒಮ್ಮೆ ಕೇಳೋಣ ಎಂದು ನನಗೆ ಆಸೆಯಿತ್ತು. ಹೊರಡುವಾಗ ಕೇಳಿದೆ. ಅಜ್ಜ ಹೇಳಿದರು, ಆದರೆ ಅದನ್ನು ಸಾವಿರ ಸಲ ಟಿವಿಯವರಿಗೆ ಹೇಳಿ ಸಾಕಾದವರ ಧಾಟಿಯಲ್ಲಿ. ಅವರ ಮನಸ್ಸಿನಲ್ಲಿ ಬೇರೇನೋ ಇತ್ತು. “ನೀನು ಯಾವ್ ಪರೀಕ್ಷೆಗೆ ಓದ್ತೀಯ ಅಂದಿ?” ಎಂದರು. ಹೇಳಿದೆ. ಕಟ್ಟೆಯಿಂದ ಇಳಿದು ಹತ್ತಿರ ಬಂದರು.

“ಹಂಗಾರೆ ಕೇಳವ್ವಾ. ನಮ್ಮಪ್ಪ ಸತ್ತು ಮೂವತ್ತು ವರ್ಷಾತು. ಹೊಲ ಇನ್ನೂ ಅವನ ಹೆಸರ್ನಾಗೇ ಐತಿ. ಪೌತಿ ಖಾತೆ ಆಗ್ಬೇಕು. ಅಣ್ತಮ್ರು ಐದು ಜನ, ಒಬ್ಬ ಭದ್ರಾವತೀಲಿ ಅದಾನೆ, ಸಹಿ ಹಾಕಾಕೆ ಬರಂಗಿಲ್ಲ. ಇದಕ್ಕೇನ್ ಮಾಡ್ಬೇಕು?”

ವಂಶವೃಕ್ಷ, ಮರಣ ಪ್ರಮಾಣಪತ್ರ, ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿಕೊಳ್ಳುವ ಬಗ್ಗೆ ಓದಿದ್ದೆಲ್ಲ ನೆನಪು ಮಾಡಿಕೊಂಡು ಹೇಳಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಚೀಟಿಯಲ್ಲಿ ಬರೆದುಕೊಡು ಎಂದರು. ಗೆಳತಿಯ ನೋಟ್‌ಬುಕ್ಕಿನ ಹಾಳೆ ಹರಿದು, ಬೇಕಾದ ಕಾಗದಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆ. ಅಜ್ಜ ಅದನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದರು. ಒಂದು ಕಡೆ ನಿಂತು, “ಇದೇನ್ ಬರ್ದೀಯ?” ಎಂದು ಬೆರಳಿಟ್ಟರು. ‘ನಾಡಕಚೇರಿ’ ಎಂದಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಸೋಮವಾರವೇ ಹೋಗುತ್ತೇನೆ ಎಂದರು.